ಪುಟ್ಟಿಯ ನೆಟ್ ಬಗ್ಗೆ ಭಾವನಿಗೆ

ಭಾವ, ಬೆಳಿಗ್ಗೆ ಗ್ರೂಪಿನಲ್ಲಿ ನೀವು ಕೇಳಿದ್ದನ್ನು ಈಗ ನೋಡಿದೆ. ಪುಟ್ಟಿಯ ಬ್ಯಾಟಿಂಗ್ ಪ್ರಾಕ್ಟೀಸ್‌ಗೆ ಅಂಗಳದಲ್ಲೇ ನೆಟ್ ಹಾಕಿಸಬೇಕು, ಪೈಪಿನ ಪಂಜರ ಕಟ್ಟಿಸುವುದಾ, ಮಡಚಿಡುವ ರೆಡಿಮೇಡ್ ನೆಟ್ ಸಾಕಾ ಅಂತ ಅಲ್ವಾ? ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ. ಅಕ್ಕನೂ ಕೇಳಲಿ.

ನಿಮ್ಮ ಅಂಗಳಕ್ಕೆ ಎರಡೂ ಬೇಡ. ತಂತಿಯ ಮೇಲೆ ಪರದೆ ಹಾಗೆ ಎಳೆದು ಸರಿಸುವ ನೆಟ್ ಹಾಕಿಸಿ. ಕೊಯ್ಲು ಶುರುವಾದರೆ ಅಂಗಳ ಅಡಿಕೆಗೆ ಬೇಕು. ಪಂಜರ ನಿಲ್ಲಿಸಿಬಿಟ್ಟರೆ ಅಡಿಕೆ ಹರವುವುದೆಲ್ಲಿ, ಪಿಕಪ್ ತಿರುಗಿಸುವುದೆಲ್ಲಿ? ಅದು ದಿನಾ ಹತ್ತಾರು ಮಕ್ಕಳು ಆಡುವ ಶಾಲೆ ಮೈದಾನಕ್ಕೆ ಸರಿ. ಮಡಚುವ ನೆಟ್ ಟೆನಿಸ್ ಬಾಲಿಗೆ ಚೆನ್ನಾಗಿದೆ. ಪುಟ್ಟಿ ಈಗ ಲೆದರ್ ಬಾಲಿಗೆ ಹೋಗಿದ್ದಾಳೆ, ಆ ಹೊಡೆತಕ್ಕೆ ತೆಳು ಕಡ್ಡಿಯ ಫ್ರೇಮು ನಿಲ್ಲುವುದಿಲ್ಲ.

ಎರಡೂ ತುದಿಯಲ್ಲಿ ಜಿಐ ಪೈಪಿನ ಕಂಬ, ನಡುವೆ ಸ್ಟೀಲ್ ತಂತಿ ಹಗ್ಗ, ಬಿಗಿ ಮಾಡಲು ಟರ್ನ್‌ಬಕಲ್, ನೆಟ್ಟಿಗೆ ರಿಂಗು. ಆಟ ಮುಗಿದ ಮೇಲೆ ಒಂದು ಕಡೆ ಸರಿಸಿ ಕಟ್ಟಿಬಿಡಬಹುದು. ಅಗಲ 12 ಅಡಿ ಬೇಕೇ ಬೇಕು, ಪಿಚ್ಚೇ 10 ಅಡಿ ಇರುತ್ತದೆ. ಎತ್ತರ 10 ಅಡಿಗೆ ಕಡಿಮೆ ಬೇಡ, ಮೇಲೂ ನೆಟ್ ಇರಲಿ. ಉದ್ದ ಪೂರ್ತಿ 22 ಗಜ ಬೇಕಿಲ್ಲ. ಚೆಂಡು ಎಸೆಯುವವರು ನೀವೇ ತಾನೇ, 40 ಅಡಿ ಸಾಕು. ಬೌಲಿಂಗಿಗೆ ಮೈದಾನಕ್ಕೇ ಕರೆದುಕೊಂಡು ಹೋಗಿ.

ನೈಲಾನ್ ಗಟ್ಟಿ, ಆದರೆ ನೀರು ಕುಡಿದು ಭಾರವಾಗಿ ಜೋತು ಬೀಳುತ್ತದೆ. ಆಗುಂಬೆ ಪಕ್ಕದಲ್ಲಿದ್ದುಕೊಂಡು ಅದು ಬೇಡ. ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್ಕಿನ ನೆಟ್ ನೀರು ಹೀರುವುದಿಲ್ಲ. ಬಿಸಿಲಿಗೆ ಹಾಳಾಗದ ಹಾಗೆ ಯುವಿ ಮಾಡಿದ್ದನ್ನೇ ಕೇಳಿ, ನೆಟ್ಟಿನ ಕಣ್ಣು 45ರಿಂದ 50 ಮಿಲಿಮೀಟರ್ ಇರಲಿ. ತೋಟಕ್ಕೆ ಕಟ್ಟುವ ಹಕ್ಕಿ ಬಲೆ ಮಾತ್ರ ತರಬೇಡಿ. ಮಳೆಗಾಲಕ್ಕೆ ಬಿಚ್ಚಿ, ಒಣಗಿಸಿ, ಡ್ರಮ್ಮಿನಲ್ಲಿ ಮುಚ್ಚಿಡಿ. ಇಲ್ಲದಿದ್ದರೆ ಇಲಿ ಕಡಿಯುತ್ತದೆ.

ಕಟ್ಟುವಾಗ ತುಂಬಾ ಬಿಗಿ ಎಳೆಯಬೇಡಿ. ಸಡಿಲ ಇದ್ದರೆ ಚೆಂಡು ಬಡಿದು ಅಲ್ಲೇ ಕೆಳಗೆ ಬೀಳುತ್ತದೆ, ಬಿಗಿಯಾದರೆ ವಾಪಸ್ ಹಾರುತ್ತದೆ. ಗೋಡೆಗೆ ತಾಗಿಸಲೂ ಬೇಡಿ, ಎರಡು ಅಡಿ ಬಿಡಿ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಪಕ್ಕಕ್ಕೆ ಹೊಡೆಯುವ ಸ್ಕ್ವೇರ್ ಕಟ್‌ಗೆ ಹೆಸರಾದವರು, ಇವಳಿಗೂ ಕಟ್ ಅಂದರೆ ಪ್ರಾಣ. ಆ ಚೆಂಡೆಲ್ಲ ಹೋಗುವುದು ಅಡುಗೆಮನೆ ಕಿಟಕಿ ಕಡೆಗೆ. ಆ ಪಕ್ಕಕ್ಕೆ ಗಟ್ಟಿ ದಾರದ ನೆಟ್ ಇರಲಿ.

ನನಗೆ ಚಿಂತೆ ನಿಮ್ಮದೇ ಭಾವ. 40 ಅಡಿಯಿಂದ ಎಸೆಯುತ್ತೀರಿ, ಅವಳು ನೇರ ಡ್ರೈವ್ ಹೊಡೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎದೆಗೆ ಬರುತ್ತದೆ. ನಿಮ್ಮ ಮುಂದೆ ಆಳೆತ್ತರದ ಒಂದು ಚಿಕ್ಕ ಫ್ರೇಮಿಗೆ ನೆಟ್ ಕಟ್ಟಿಸಿ. ಪಕ್ಕದಿಂದ ಎಸೆದ ತಕ್ಷಣ ಅದರ ಹಿಂದೆ ಸರಿಯಿರಿ. ದುಡ್ಡು ಎಲ್ಲಾದರೂ ಉಳಿಸಿ, ಇಲ್ಲಿ ಉಳಿಸಬೇಡಿ. ಅವಳಿಗೆ ಹೆಲ್ಮೆಟ್ ಇಲ್ಲದೆ ಒಂದು ಚೆಂಡೂ ಹಾಕಬೇಡಿ. ನಿಮ್ಮದು ಸಿಮೆಂಟ್ ಅಂಗಳ, ಚೆಂಡು ಜಾಸ್ತಿ ಪುಟಿಯುತ್ತದೆ. ಮ್ಯಾಟ್ ಹಾಸಿದರೂ ಅಂಚು ಎದ್ದಿದೆಯಾ ನೋಡಿ, ಅದಕ್ಕೆ ಬಡಿದ ಚೆಂಡು ಮುಖಕ್ಕೇ ಬರುತ್ತದೆ.

ಇನ್ನೊಂದು, ಸಂಜೆ ನೆಟ್ಟಿನ ಕೆಳ ಅಂಚನ್ನು ಎತ್ತಿ ಕಟ್ಟಿ. ನೆಲದ ಮೇಲೆ ಬಿದ್ದಿದ್ದರೆ ರಾತ್ರಿ ಕೇರೆ ಹಾವು ಸಿಕ್ಕಿಕೊಳ್ಳಬಹುದು, ಪಾಪ.

ಮಳೆಗಾಲದಲ್ಲಿ ಅಡಿಕೆ ಶೆಡ್ಡಿನ ತೊಲೆಗೆ ಹಳೇ ಸಾಕ್ಸ್‌ನಲ್ಲಿ ಚೆಂಡು ಹಾಕಿ ತೂಗುಬಿಡಿ, ಹೊಡೆಯುತ್ತಿರಲಿ. ಭಾನುವಾರ ನಾನೇ ಟೇಪ್ ತರುತ್ತೇನೆ, ಅಳತೆ ಹಾಕೋಣ. ಅಷ್ಟರವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.