ಸಹಾಯ ಬೇಕು: ಎರಡು ಯಂತ್ರಕ್ಕೆ ಒಂದೇ ಜೆಂಟೂ, ಕಂಪೈಲರ್‌ನ ಮಾರ್ಚ್ (-march) ಆಯ್ಕೆಗೆ ಏನು ಕೊಡಲಿ?

ಎಲ್ಲರಿಗೂ ನಮಸ್ಕಾರ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ಡೆಸ್ಕ್‌ಟಾಪ್‌ನಲ್ಲಿ ರೈಜನ್ 5 3600 ಪ್ರೊಸೆಸರ್ ಇದೆ. ಲ್ಯಾಪ್‌ಟಾಪ್ ಹಳೆಯದು, 2012ರ ಐವಿ ಬ್ರಿಡ್ಜ್ ಐ5. ಎರಡಕ್ಕೂ ಜೆಂಟೂ ಬೇಕು, ಅಂದರೆ ಪ್ರೋಗ್ರಾಂಗಳನ್ನು ಮೂಲ ಕೋಡ್‌ನಿಂದ ನಾವೇ ಕಂಪೈಲ್ ಮಾಡಿಕೊಳ್ಳುವ ಲಿನಕ್ಸ್. ಲ್ಯಾಪ್‌ಟಾಪ್‌ನಲ್ಲೇ ಕಂಪೈಲ್ ಮಾಡಿದರೆ ತುಂಬಾ ಹೊತ್ತು ಹಿಡಿಯುತ್ತದೆ, ಬಿಸಿಯೂ ಜಾಸ್ತಿ. ಅದಕ್ಕೇ ಎಲ್ಲವನ್ನೂ ಡೆಸ್ಕ್‌ಟಾಪ್‌ನಲ್ಲಿ ಕಂಪೈಲ್ ಮಾಡಿ, ಬೈನರಿ ಪ್ಯಾಕೇಜ್‌ಗಳನ್ನು ಲ್ಯಾಪ್‌ಟಾಪ್‌ಗೆ ಹಾಕುತ್ತಿದ್ದೇನೆ.

ಯಾವ ಪ್ರೊಸೆಸರ್‌ಗೆ ಕೋಡ್ ತಯಾರಿಸಬೇಕು ಅಂತ ಹೇಳುವ ಜಿಸಿಸಿ ಕಂಪೈಲರ್‌ನ ಮಾರ್ಚ್ ಆಯ್ಕೆಗೆ ಮೊದಲು ‘ನೇಟಿವ್’ (ಕಂಪೈಲ್ ಮಾಡುವ ಯಂತ್ರದ್ದೇ ಪ್ರೊಸೆಸರ್) ಕೊಟ್ಟೆ. ಡೆಸ್ಕ್‌ಟಾಪ್‌ನಲ್ಲಿ ಎಲ್ಲ ಸರಿ. ಲ್ಯಾಪ್‌ಟಾಪ್‌ನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಪ್ರೋಗ್ರಾಂಗಳು ನಿಂತುಬಿಟ್ಟವು. ರೈಜನ್‌ನಲ್ಲಿ ಎವಿಎಕ್ಸ್2 ಎಂಬ ಇನ್‌ಸ್ಟ್ರಕ್ಷನ್‌ಗಳ ಗುಂಪು ಇದೆ, ಐವಿ ಬ್ರಿಡ್ಜ್‌ನಲ್ಲಿ ಬರೀ ಅದಕ್ಕಿಂತ ಹಳೆಯ ಎವಿಎಕ್ಸ್. ಆಮೇಲೆ ಹಲವು ಪ್ರೊಸೆಸರ್‌ಗಳಿಗೆ ಸಾಮಾನ್ಯವಾದ ‘ಎಕ್ಸ್86-64-ವಿ2’ ಮಟ್ಟ ಕೊಟ್ಟು ಮತ್ತೆ ಕಂಪೈಲ್ ಮಾಡಿದೆ. ಈಗ ಎರಡರಲ್ಲೂ ಓಡುತ್ತದೆ. ಆದರೆ ವಿ2ನಲ್ಲಿ ಎವಿಎಕ್ಸ್ ಸೇರಿಲ್ಲ. ಮುಂದಿನ ಮಟ್ಟವಾದ ವಿ3ಗೆ ಹೋದರೆ ಎವಿಎಕ್ಸ್2 ಕೂಡ ಬೇಕು. ಎರಡೂ ಯಂತ್ರಗಳಲ್ಲಿ ಇರುವ ಎವಿಎಕ್ಸ್ ಅನ್ನು ಸುಮ್ನೆ ಬಿಟ್ಟಂತಾಗುತ್ತದೆ, ಅಲ್ವಾ?

ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಇನ್ನೊಂದು ಗೊಂದಲ. ಅದು ಜೆಂಟೂವಿನ ಸೆಟ್ಟಿಂಗ್ ಕಡತವಾದ ಮೇಕ್ ಡಾಟ್ ಕಾನ್ಫ್‌ನಲ್ಲಿ ಕೊಟ್ಟ ಮಾರ್ಚ್ ಅನ್ನು ನೋಡುವುದಿಲ್ಲ. ಕರ್ನಲ್ 6.12ರ ಮೆನುವಿನಲ್ಲಿ ಪ್ರೊಸೆಸರ್ ಫ್ಯಾಮಿಲಿ ಅಂತ ಬೇರೆಯೇ ಕೇಳುತ್ತದೆ. ಸದ್ಯಕ್ಕೆ ‘ಜೆನೆರಿಕ್’ ಇಟ್ಟಿದ್ದೇನೆ.

ನನ್ನ ಪ್ರಶ್ನೆ ಇಷ್ಟು. ಮಾರ್ಚ್‌ಗೆ ‘ಐವಿಬ್ರಿಡ್ಜ್’ ಅಂತಲೇ ಕೊಟ್ಟರೆ ಆ ಬೈನರಿಗಳು ರೈಜನ್‌ನಲ್ಲಿ ತೊಂದರೆಯಿಲ್ಲದೆ ಓಡುತ್ತವಾ, ಅಥವಾ ವಿ2 ಇಟ್ಟುಕೊಂಡು ಎಂಟ್ಯೂನ್ (ಹೊಸ ಇನ್‌ಸ್ಟ್ರಕ್ಷನ್ ಸೇರಿಸದೆ ಒಂದು ಪ್ರೊಸೆಸರ್‌ಗೆ ಹೊಂದಿಸುವ ಆಯ್ಕೆ) ಮಾತ್ರ ಬದಲಿಸುವುದು ಒಳ್ಳೆಯದಾ? ಕರ್ನಲ್‌ಗೆ ಜೆನೆರಿಕ್ ಬಿಟ್ಟು ‘ಕೋರ್ 2’ ಆರಿಸಿದರೆ ವೇಗದಲ್ಲಿ ಏನಾದರೂ ವ್ಯತ್ಯಾಸ ಕಾಣುತ್ತದಾ?