ಕ್ಯಾಲ್ಸಿಯಂ ಸುಣ್ಣ ಆಗ್ತಿದೆ, ಎಲೆಕ್ಟ್ರಾನ್ ಒಳಗೆ ಹೋಗ್ತಿಲ್ಲ. ಏನು ಮಾಡೋದು?

ತೀರ್ಥಹಳ್ಳಿ ಹುಡುಗ:
ಶಿವಮೊಗ್ಗದ ಹತ್ತಿರ ಒಂದು ಲ್ಯಾಬಿನಲ್ಲಿ ಪಾಲಿಮರ್ ಎಲ್‌ಇಡಿ ಮಾಡುತ್ತಿದ್ದೇನೆ. ಗಾಜಿನ ಮೇಲೆ ಐಟಿಒ (ಕರೆಂಟ್ ಹರಿಸುವ ಪಾರದರ್ಶಕ ಪದರ), ಪೆಡಾಟ್ (ಕರೆಂಟ್ ಹರಿಸುವ ಪಾಲಿಮರ್), ಎಂಇಎಚ್-ಪಿಪಿವಿ (ಬೆಳಕು ಕೊಡುವ ಪಾಲಿಮರ್), ಕೊನೆಗೆ ಅಲ್ಯೂಮಿನಿಯಂ. ಕರೆಂಟ್ ಚೆನ್ನಾಗಿ ಹರಿಯುತ್ತದೆ. ಬೆಳಕು ಮಾತ್ರ ರೂಮಿನ ಲೈಟ್ ಆರಿಸಿ ನೋಡಿದರೆ ಕಾಣುವಷ್ಟು. ಪಾಲಿಮರ್‌ನಲ್ಲಿ ಎಲೆಕ್ಟ್ರಾನ್ ಕೂರುವ ಮಟ್ಟ ಸುಮಾರು 2.9 ಎಲೆಕ್ಟ್ರಾನ್ ವೋಲ್ಟ್, ಅಲ್ಯೂಮಿನಿಯಂನ ವರ್ಕ್ ಫಂಕ್ಷನ್ (ಲೋಹದಿಂದ ಎಲೆಕ್ಟ್ರಾನ್ ಹೊರತೆಗೆಯಲು ಬೇಕಾದ ಶಕ್ತಿ) 4.2. ನಡುವೆ 1.3ರ ಗೋಡೆ. ಹೋಲ್‌ಗಳು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು) ಇನ್ನೊಂದು ಕಡೆಯಿಂದ ಬರುತ್ತವೆ, ಎಲೆಕ್ಟ್ರಾನ್ ಜೊತೆ ಸೇರಿದರೇ ಬೆಳಕು, ಆದರೆ ಜೊತೆ ಸಿಗದೆ ಹಾಗೇ ದಾಟಿ ಹೋಗುತ್ತವೆ.

ಕ್ಯಾಲ್ಸಿಯಂ ಹಾಕಿದೆ, ಅದರದ್ದು 2.9 ಅಲ್ವಾ. ಕಿತ್ತಳೆ ಬಣ್ಣದಲ್ಲಿ ಎಷ್ಟು ಚೆಂದ ಹೊತ್ತಿತು ಅಂದರೆ ಪಕ್ಕದ ರೂಮಿನವರನ್ನು ಕೂಗಿದೆ. ಅವರು ಬರುವಷ್ಟರಲ್ಲಿ ಕಪ್ಪು ಚುಕ್ಕೆ. ನಮ್ಮಲ್ಲಿ ಗ್ಲೋವ್ ಬಾಕ್ಸ್ (ಗಾಳಿ, ತೇವ ತಾಗದಂತೆ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಇಲ್ಲ, ಹೊರಗೆ ಆಷಾಢದ ಮಳೆ, ಬಾಗಿಲ ಹಿಂದಿನ ಚಪ್ಪಲಿಗೂ ಬೂಷ್ಟು ಬಂದಿದೆ. ಮರುದಿನ ಅಂಚಿನಲ್ಲಿ ಬಿಳಿ ಪುಡಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೇ ಅದು!

ಆಮೇಲೆ ಲಿಥಿಯಂ ಫ್ಲೋರೈಡ್ 3 ನ್ಯಾನೋಮೀಟರ್ ಹಾಕಿ ಮೇಲೆ ಅಲ್ಯೂಮಿನಿಯಂ ಕೂರಿಸಿದೆ. ಬರೀ ಅಲ್ಯೂಮಿನಿಯಂಗಿಂತ ಕಡೆಯಾಯಿತು. ಎಲ್ಲಿ ತಪ್ಪಿದೆ?

ಸಾಗರದವ, ಈಗ ಬೆಂಗಳೂರು:
3 ಜಾಸ್ತಿ ಮಾರಾಯ್ರೇ. ಅದು ಇನ್ಸುಲೇಟರ್, ದಪ್ಪ ಆದರೆ ಅದೇ ಗೋಡೆ. 1997ರಲ್ಲಿ ಕೊಡಾಕ್‌ನವರು ಇದನ್ನು ತೋರಿಸಿದಾಗಿನಿಂದ ಎಲ್ಲರೂ 0.5ರಿಂದ 1ರ ಒಳಗೇ ಇರುತ್ತಾರೆ. ವ್ಯಾಕ್ಯೂಮ್ ಬಿಡದೆ ತಕ್ಷಣ ಅಲ್ಯೂಮಿನಿಯಂ ಹಾಕಿ. ಅದರ ಜೊತೆ ಸೇರಿದರೇ ಇದಕ್ಕೆ ಜೀವ, ಬೆಳ್ಳಿ ಹಾಕಿದರೆ ಅಷ್ಟು ಫಲ ಇಲ್ಲ. ಇನ್ನೊಂದು, ಥಿಕ್‌ನೆಸ್ ಮಾನಿಟರ್‌ನಲ್ಲಿ (ಬಿದ್ದ ಪದರದ ತೂಕ ಮತ್ತು ಡೆನ್ಸಿಟಿಯಿಂದ ದಪ್ಪ ಲೆಕ್ಕ ಹಾಕುವ ಸಾಧನ) ಹಿಂದಿನ ಕ್ಯಾಲ್ಸಿಯಂನ ಡೆನ್ಸಿಟಿ ಹಾಗೇ ಉಳಿದಿದೆಯಾ ನೋಡಿ. ಅದು 1.55, ಫ್ಲೋರೈಡ್‌ದು 2.64.

ಮಳೆಗಾಲದ ಸಂಶೋಧಕಿ:
ಆವಿ ಮಾಡುವ ರಗಳೆಯೇ ಬೇಡ ಅಂದರೆ ಪಿಎಫ್‌ಎನ್ (ಕರಗಿಸಿ ಹಚ್ಚುವ ಒಂದು ಪಾಲಿಮರ್) ನೋಡಿ. ಮೆಥನಾಲ್‌ಗೆ ಒಂಚೂರು ಅಸಿಟಿಕ್ ಆ್ಯಸಿಡ್ ಸೇರಿಸಿದರೆ ಕರಗುತ್ತದೆ. ಮೆಥನಾಲ್ ನಿಮ್ಮ ಎಂಇಎಚ್-ಪಿಪಿವಿಯನ್ನು ಕರಗಿಸುವುದಿಲ್ಲ, ಹಾಗಾಗಿ ನೇರ ಅದರ ಮೇಲೇ ಸ್ಪಿನ್ ಮಾಡಬಹುದು (ಗಾಜನ್ನು ತಿರುಗಿಸಿ ತೆಳ್ಳಗೆ ಹರಡಬಹುದು). ಕೆಲವೇ ನ್ಯಾನೋಮೀಟರ್ ಸಾಕು. ಲೋಹದ ಅಂಚಿನಲ್ಲಿ ಡೈಪೋಲ್ (ಒಂದು ತುದಿ ಧನ, ಇನ್ನೊಂದು ಋಣ) ಸಾಲು ನಿಂತು ಗೋಡೆ ತಗ್ಗುತ್ತದೆ, ಮೇಲೆ ಅಲ್ಯೂಮಿನಿಯಂ ಸಾಕು. ಗಾಳಿಗೆ ಹೆದರುವ ಕ್ಯಾಲ್ಸಿಯಂ ಸಹವಾಸ ತಪ್ಪುತ್ತದೆ. ಆದರೂ ಮೇಲೆ ಗಾಜು ಇಟ್ಟು ಎಪಾಕ್ಸಿಯಿಂದ ಮುಚ್ಚಿ. ಅಲ್ಯೂಮಿನಿಯಂನ ಸೂಜಿ ತೂತುಗಳಲ್ಲೂ ನೀರು ಇಳಿಯುತ್ತದೆ.

ತೀರ್ಥಹಳ್ಳಿ ಹುಡುಗ:
ಡೆನ್ಸಿಟಿ 1.55ರಲ್ಲೇ ಇತ್ತು, ನಾಚಿಕೆ ಆಯಿತು. ಅಂದರೆ ನಿಜವಾಗಿ ಬಿದ್ದಿದ್ದು 1.8ರಷ್ಟು, ಅದೂ ಜಾಸ್ತಿಯೇ. ಸರಿ ಮಾಡಿ 0.8 ಹಾಕಿದೆ. ಅದೇ ವೋಲ್ಟೇಜಿಗೆ ಕರೆಂಟ್ ಸ್ವಲ್ಪ ಏರಿತು, ಬೆಳಕು ಎಷ್ಟೋ ಪಟ್ಟು. ಕೊರತೆ ಇದ್ದಿದ್ದು ಎಲೆಕ್ಟ್ರಾನ್‌ಗೇ ಅಂತ ಆಯಿತಲ್ಲ. ಸಂಜೆಗೆ ಮತ್ತೆ ಚುಕ್ಕೆ. ನಾಳೆ ಎಪಾಕ್ಸಿ ತರಲು ಪೇಟೆಗೆ ಹೋಗಬೇಕು, ಮಳೆ ಬಿಟ್ಟರೆ.