ಚಿಕ್ಕಪ್ಪನ ಮೆಸೇಜಿಗೆ ನನ್ನ ಉತ್ತರ, ಸ್ವಲ್ಪ ಉದ್ದ ಇದೆ

ಚಿಕ್ಕಪ್ಪ, ನಿಮ್ಮ ಮೆಸೇಜ್ ಈಗ ನೋಡ್ದೆ, ಸಿದ್ದಾಪುರದಲ್ಲಿ ನಿನ್ನೆಯಿಂದ ಒಂದೇ ಸಮ ಮಳೆ, ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ. ವಾಯ್ಸ್ ಕಳ್ಸೋಣ ಅಂದ್ರೆ ಅಪ್‌ಲೋಡ್ ಆಗ್ತಿಲ್ಲ, ಅದಕ್ಕೆ ಮಾತಾಡ್ದಂಗೇ ಟೈಪ್ ಮಾಡ್ತಿದೀನಿ. ನೀವು ಕೇಳಿದ್ದು, ಬಿ.ಕಾಂ ಮುಗ್ಸಿದೀಯ, ಬ್ಯಾಂಕ್ ಎಕ್ಸಾಂ ಬರಿ, ಅದು ಬೇಡ ಅಂದ್ರೆ ಬಿ.ಎಡ್ ಮಾಡಿ ಹೈಸ್ಕೂಲಿಗೆ ಹೋಗು, ಶಿಶುವಿಹಾರದ ಟೀಚರ್ ಆಗೋಕೆ, ಈ ಮಕ್ಕಳ ಮೂಗು ಒರೆಸೋ ಕೆಲಸಕ್ಕೆ, ಟ್ರೈನಿಂಗ್ ಯಾಕೆ ಅಂತ. ಅತ್ತೆ ಸಂಬಳ ಎಷ್ಟು ಅಂದ್ರು. ಅಕ್ಕ ಬೇರೆ, ಪಾಪುಗೆ ಮೂರೂವರೆ ಆದ್ರೂ ಎಬಿಸಿಡಿ ಬರೆಯಲ್ಲ ಅಂತ ಬೇಜಾರು ಮಾಡ್ಕೊಂಡಿದಾಳೆ. ಮೂರಕ್ಕೂ ಸೇರ್ಸಿ ಹೇಳ್ಬಿಡ್ತೀನಿ, ದಯವಿಟ್ಟು ಪೂರ್ತಿ ಓದಿ.

ಮೊದ್ಲು ಆ ಮೂಗಿನ ವಿಷ್ಯ. ಮಾರಿಯಾ ಮಾಂಟೆಸ್ಸರಿ ಅಂತ ಇಟಲಿಯ ಡಾಕ್ಟರ್, ಅವರ ಹೆಸರಲ್ಲೇ ಈಗ ಎಲ್ಲಾ ಕಡೆ ಬೋರ್ಡ್ ಇದೆ ಅಲ್ವಾ, ಅವರು ಒಂದಿನ ಮಕ್ಕಳಿಗೆ ಕರ್ಚೀಫಲ್ಲಿ ಸದ್ದು ಮಾಡ್ದೆ ಮೂಗು ಒರೆಸ್ಕೊಳ್ಳೋದು ಹೇಗೆ ಅಂತ ತೋರಿಸ್ತಾರೆ. ಮಕ್ಕಳು ನಗ್ತಾರೆ ಅಂದ್ಕೊಂಡಿದ್ರೆ ಎಲ್ಲರೂ ಚಪ್ಪಾಳೆ ತಟ್ಟಿದ್ರಂತೆ, ಅವರೇ ಬರ್ದಿದಾರೆ. ಯಾಕಂದ್ರೆ ಆ ಮಕ್ಕಳಿಗೆ ಮೂಗಿನ ವಿಷಯಕ್ಕೆ ಬೈಯ್ಯೋರು ಬೇಕಾದಷ್ಟು ಜನ ಇದ್ರು, ಹೇಗೆ ಒರೆಸ್ಕೊಬೇಕು ಅಂತ ಮರ್ಯಾದೆಯಿಂದ ತೋರ್ಸಿದೋರು ಒಬ್ಬರೂ ಇರ್ಲಿಲ್ಲ. ನಾನು ಇಲ್ಲಿ ಪ್ರಾಕ್ಟೀಸ್‌ಗೆ ಹೋಗ್ತಿರೋ ಕಡೆ ಅದನ್ನೇ ಮಾಡೋದು. ಹಿಂದಿನಿಂದ ಬಂದು ಗಬಕ್ಕಂತ ಮುಖ ಹಿಡ್ದು ಒರೆಸಲ್ಲ. ಎದುರಿಗೆ ಕೂತು, ಒರೆಸ್ಕೊಳ್ತೀಯಾ ಅಂತ ಕೇಳಿ, ಬಟ್ಟೆ ಅವರ ಕೈಗೇ ಕೊಟ್ಟು ಕನ್ನಡಿ ಮುಂದೆ ನಿಲ್ಲಿಸ್ತೀವಿ. ಟೈಮ್ ಹಿಡಿಯುತ್ತೆ, ಹಿಡೀಲಿ. ತನ್ನ ಮೈ ತನ್ನದೇ, ಅದನ್ನ ಮುಟ್ಟೋಕೆ ಮುಂಚೆ ದೊಡ್ಡೋರೂ ಕೇಳ್ಬೇಕು ಅಂತ ಮಗುಗೆ ಗೊತ್ತಾಗೋದು ಅಲ್ಲಿಂದಾನೇ. ನನಗೆ ಇದು ಅಕ್ಷರಕ್ಕಿಂತ ಮುಂಚಿನ ಪಾಠ ಅನ್ಸುತ್ತೆ ಚಿಕ್ಕಪ್ಪ, ಇದಕ್ಕೆ ಟ್ರೈನಿಂಗ್ ಖಂಡಿತ ಬೇಕು.

ಮಾಂಟೆಸ್ಸರಿ ಅಂದ್ರೆ ನಮಗೆಲ್ಲ ಟೈ ಹಾಕ್ಕೊಂಡು ವ್ಯಾನಲ್ಲಿ ಹೋಗೋ ಮಕ್ಕಳೇ ಕಣ್ಮುಂದೆ ಬರೋದು, ಆದ್ರೆ ಅವರು 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ಶುರು ಮಾಡಿದ್ದು ಕೂಲಿ ಕೆಲಸದವರ ಮಕ್ಕಳಿಗೆ. ಅಪ್ಪ ಅಮ್ಮ ಬೆಳಿಗ್ಗೆನೇ ಕೆಲಸಕ್ಕೆ ಹೋಗ್ಬಿಡೋರು, ಮಕ್ಕಳು ಕಟ್ಟಡದಲ್ಲೇ ಅಲ್ಲಿ ಇಲ್ಲಿ ಓಡಾಡ್ಕೊಂಡು ಗೋಡೆ ಎಲ್ಲಾ ಗೀಚಿಡೋರು, ಯಾರಾದ್ರೂ ನೋಡ್ಕೊಳ್ಳಲಿ ಅಂತ ಆ ಕಟ್ಟಡದವರು ಇವರನ್ನ ಕರೆದದ್ದು. ಇದು ಓದ್ದಾಗ ನನಗೆ ನಮ್ಮ ಕೊಡಗಿನ ತೋಟದ ಕೆಲಸದವರ ಲೈನ್ ಮನೆಗಳೇ ಕಣ್ಮುಂದೆ ಬಂದ್ವು. ಡಿಸೆಂಬರಿಂದ ಮಾರ್ಚ್ ತನಕ ಕಾಫಿ ಕುಯ್ಲಲ್ಲಿ ನೋಡಿ, ತಾಯಂದಿರು ಬೆಳಿಗ್ಗೆನೇ ತೋಟಕ್ಕೆ ಹೋಗ್ತಾರೆ, ಎರಡು ವರ್ಷದ ಮಗುನ ನೋಡ್ಕೊಳ್ಳೋಕೆ ಎಂಟು ವರ್ಷದ ಅಕ್ಕ ಸ್ಕೂಲ್ ಬಿಟ್ಟು ಮನೇಲಿ. ಇಲ್ಲಾಂದ್ರೆ ಗಿಡದ ಬುಡದಲ್ಲೇ ಗೋಣಿಚೀಲ ಹಾಸಿ ಮಲಗಿಸಿರ್ತಾರೆ, ಆನೆ ಓಡಾಡೋ ತೋಟದಲ್ಲಿ. 50 ಜನ ಹೆಂಗಸರು ಕೆಲಸ ಮಾಡೋ ತೋಟದಲ್ಲಿ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಇರ್ಲೇಬೇಕು ಅಂತ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಲೇ ಬರ್ದಿತ್ತು. ಸಣ್ಣ ತೋಟಗಳಿಗೆ ಅದು ಮುಟ್ತಾನೇ ಇರ್ಲಿಲ್ಲ, ನಮ್ಮಲ್ಲಿ ಸಣ್ಣ ತೋಟಗಳೇ ಜಾಸ್ತಿ.

ಇಲ್ಲಿಗೆ ಬರೋ ಮಕ್ಕಳ ಭಾಷೆ ಕೇಳಿ. ಒಬ್ಬಳು ಕೊಡವ ತಕ್ಕ್, ಇಬ್ಬರು ಅರೆಭಾಷೆ, ಒಬ್ಬನ ಮನೇಲಿ ಮಲಯಾಳ, ಯರವ ಆದಿವಾಸಿಗಳ ಮಕ್ಕಳಿಗೆ ಅವರದೇ ಭಾಷೆ, ಅಸ್ಸಾಂ ಕಡೆಯಿಂದ ಬಂದವರ ಮಕ್ಕಳಿಗೆ ಇವು ಯಾವುದೂ ಅಲ್ಲ. ಅವರೆದುರಿಗೆ ಟೀಚರ್ ನಿಂತ್ಕೊಂಡು ಕನ್ನಡದಲ್ಲೋ ಇಂಗ್ಲಿಷಲ್ಲೋ ಸಿಟ್ ಡೌನ್, ಕೈ ಕಟ್ಟು ಅಂದ್ರೆ ಆ ಮಗುಗೆ ಮೊದಲ ದಿನಾನೇ ಗೊತ್ತಾಗೋದು ಒಂದೇ, ನನ್ನ ಮಾತು ಇಲ್ಲಿ ನಡೆಯಲ್ಲ ಅಂತ. ಆಮೇಲೆ ಅದು ಮಾತೇ ನಿಲ್ಸಿಬಿಡುತ್ತೆ, ನಾವು ಮಗು ಮಂಕು ಅಂತ ಷರಾ ಬರೀತೀವಿ.

ಒಬ್ಬ ಹುಡುಗ ಇದಾನೆ, ಅಸ್ಸಾಂ ಕಡೆಯವರ ಮಗ, ನಾಲ್ಕು ವರ್ಷ ಇರ್ಬಹುದು. ಬಂದಾಗಿಂದ ಒಂದು ಮಾತಿಲ್ಲ, ಬಾಗಿಲ ಹತ್ರಾನೇ ಕೂರೋದು, ಅಮ್ಮ ಹೋದ ದಾರಿ ನೋಡ್ಕೊಂಡು. ನಮ್ಮ ಮೇಡಂ ಅವನನ್ನ ಒಳಗೆ ಎಳ್ಕೊಂಡು ಬರ್ಬೇಡಿ ಅಂದ್ರು, ಏನ್ ಮಾಡ್ತಾನೆ ಅಂತ ನೋಡ್ತಾ ಇರಿ ಅಷ್ಟೇ ಅಂದ್ರು. ನೋಡಿದ್ರೆ ಅವನು ಬಾಗಿಲಲ್ಲಿ ಬಿಟ್ಟ ಚಪ್ಪಲಿನೆಲ್ಲಾ ಜೋಡಿ ಜೋಡಿ ಮಾಡಿಡ್ತಿದ್ದ. ಎಡ ಬಲ ಸರಿಯಾಗಿ, ಚಿಕ್ಕದು ಮುಂದೆ ದೊಡ್ಡದು ಹಿಂದೆ. ಕೆಸರಾದ ಚಪ್ಪಲಿನ ಬೇರೆ ಸಾಲಲ್ಲಿ. ಜೋಡಿಸೋದು, ವಿಂಗಡಿಸೋದು, ಅಳತೆ ಪ್ರಕಾರ ಇಡೋದು, ಲೆಕ್ಕ ಶುರುವಾಗೋದೇ ಅಲ್ಲಿಂದ, ಅಂಕಿ ಬರೆಯೋದು ಆಮೇಲಿನ ಮಾತು. ಸಂಜೆ ಮನೆಗೆ ಹೋಗುವಾಗ ಮಕ್ಕಳು ನನ್ ಚಪ್ಪಲಿ ಎಲ್ಲಿ ಅಂತ ಅವನನ್ನೇ ಕೇಳೋಕೆ ಶುರು ಮಾಡಿದ್ರು, ಅವನು ತೆಗ್ದು ಕೊಡೋಕೆ ಶುರು ಮಾಡ್ದ, ಒಂದಿನ ಕೊಡ್ತಾ ಕೊಡ್ತಾ "ತಗೊ" ಅಂದ. ನಾನು ಅವತ್ತು ರೂಮಿಗೆ ಹೋಗಿ ಅಮ್ಮಂಗೆ ಫೋನ್ ಮಾಡಿ ಅತ್ತೇಬಿಟ್ಟೆ, ಅಮ್ಮನ್ನೇ ಕೇಳಿ. ಬ್ಯಾಂಕ್ ಕೆಲಸದ ಬಗ್ಗೆ ನನಗೆ ಗೌರವ ಇದೆ, ಆದ್ರೆ ನಾನು ಬೆಳಿಗ್ಗೆ ಎದ್ದು ಓಡಿ ಹೋಗ್ಬೇಕು ಅನ್ಸೋದು ಈ ಬಾಗಿಲಿಗೆ.

ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಅಂತ ಇದ್ರು, ಅವರ ಜೊತೆ ಅನುತಾಯಿ ವಾಘ್. 1945ರಲ್ಲಿ ಬೋರ್ಡಿ ಅನ್ನೋ ಊರಲ್ಲಿ ಪುಟ್ಟ ಮಕ್ಕಳಿಗೆ ಶಾಲೆ ಶುರು ಮಾಡಿದ್ರು, ಆಮೇಲೆ ಕೋಸ್ಬಾಡ್ ಗುಡ್ಡಕ್ಕೆ ಹೋದ್ರು, ಅಲ್ಲಿ ವಾರ್ಲಿ ಆದಿವಾಸಿ ಜನರ ಮಕ್ಕಳು. ಮಕ್ಕಳು ಸ್ಕೂಲಿಗೆ ಬರ್ಲಿಲ್ಲ ಅಂತ ಬೈಕೊಂಡು ಕೂರ್ಲಿಲ್ಲ ಅವರು, ಮಕ್ಕಳಿರೋ ಅಂಗಳಕ್ಕೇ ಹೋದ್ರು, ಹಸು ಮೇಯಿಸೋ ಮಕ್ಕಳಿಗೆ ಆ ಹುಲ್ಲುಗಾವಲಲ್ಲೇ ಪಾಠ. ಕಲ್ಲು, ಎಲೆ, ಬೀಜ, ಇವೇ ಪಾಠದ ಸಾಮಾನು. ಸರ್ಕಾರದ ಐಸಿಡಿಎಸ್, ಅಂದ್ರೆ ಈ ಅಂಗನವಾಡಿ ಯೋಜನೆ, ಬಂದಿದ್ದು 1975ರ ಅಕ್ಟೋಬರ್ 2ಕ್ಕೆ, ನಮ್ಮ ರಾಜ್ಯದಲ್ಲಿ ಮೊದಲು ಟಿ.ನರಸೀಪುರದಲ್ಲಿ, ಈ ಹೆಂಗಸರು ಅದಕ್ಕೂ ಮೂವತ್ತು ವರ್ಷ ಮುಂಚೆ ಅಂಗಳದಲ್ಲಿ ಕೂತಿದ್ರು. ತಿತಿಮತಿ ಕಡೆ ಆದಿವಾಸಿ ಹಾಡಿಗಳಲ್ಲಿ ಮಕ್ಕಳು ಬರಲ್ಲ ಬರಲ್ಲ ಅಂತ ಎಲ್ರೂ ಹೇಳ್ತಾರಲ್ಲ, ನನಗೆ ಆಗೆಲ್ಲ ಇವರದೇ ನೆನಪು.

ಅಕ್ಕಾ, ಈಗ ನಿಂಗೆ. ಪಾಪುಗೆ ಏನೂ ಆಗಿಲ್ಲ ಕಣೇ, ಆ ನಾಲ್ಕು ಗೆರೆ ಕಾಪಿ ಪುಸ್ತಕ ಮೊದ್ಲು ಎತ್ತಿಡು. ಮಣಿಕಟ್ಟಲ್ಲಿ 8 ಸಣ್ಣ ಸಣ್ಣ ಮೂಳೆ ಇರುತ್ತೆ, ಹುಟ್ಟುವಾಗ ಅವು ಇನ್ನೂ ಮೆದು, ಒಂದೊಂದೇ ಗಟ್ಟಿ ಆಗ್ತಾ ಪೂರ್ತಿ ಆಗೋಕೆ ಹತ್ತು ಹನ್ನೆರಡು ವರ್ಷ ಬೇಕು. ಆ ಕೈಲಿ ಪುಟಗಟ್ಟಲೆ ಬರೆಸೋದು ಅನ್ಯಾಯ. ಅವಳಿಗೆ ಚಪಾತಿ ಹಿಟ್ಟು ಕೊಡು, ಕಡಲೆ ಆರಿಸೋಕೆ ಕೊಡು, ಬಟ್ಟೆ ಕ್ಲಿಪ್ ಹಾಕೋಕೆ ಬಿಡು, ಹೆಬ್ಬೆರಳು ತೋರುಬೆರಳು ಸೇರೋ ಕೆಲಸ ಯಾವುದಾದ್ರೂ ಸರಿ, ಪೆನ್ಸಿಲ್ ತಾನಾಗೇ ಬರುತ್ತೆ. ಒಂದೇ ಥರದ ಎರಡು ಅಗಲ ಬಟ್ಟಲಲ್ಲಿ ಸಮ ನೀರು ತೋರ್ಸಿ, ಒಂದರದ್ದನ್ನ ಅವಳೆದುರಿಗೇ ಉದ್ದ ಲೋಟಕ್ಕೆ ಹಾಕಿ, ಈಗ ಯಾವುದ್ರಲ್ಲಿ ಜಾಸ್ತಿ ಅಂತ ಕೇಳಿ ನೋಡು, ಲೋಟದಲ್ಲಿ ಅಂತಾಳೆ. ತಪ್ಪು ಅನ್ಬೇಡ, ಆ ವಯಸ್ಸಲ್ಲಿ ಬಹಳಷ್ಟು ಮಕ್ಕಳು ಹಾಗೇ ಹೇಳೋದು, ಪಿಯಾಜೆ ಅಂತ ಸ್ವಿಟ್ಜರ್ಲೆಂಡಿನವರು ಇದನ್ನೇ ಎಷ್ಟೋ ಮಕ್ಕಳ ಜೊತೆ ಮಾಡಿ ನೋಡಿದಾರೆ. ಅವಳೇ ಹಾಕಿ ಹಾಕಿ ಚೆಲ್ಲಿ ಚೆಲ್ಲಿ ಕಂಡ್ಕೊಳ್ಳಲಿ. ಒಂದು ನರ್ಸರಿಲಿ, ಹೆಸರು ಬೇಡ, ಮೂರು ವರ್ಷದ ಮಗು ಬರೆಯೋಕಾಗ್ದೆ ಚಡ್ಡಿಲೇ ಉಚ್ಚೆ ಹುಯ್ಕೊಂಡಿದ್ದು ನಾನು ಕಣ್ಣಾರೆ ನೋಡಿದೀನಿ, ಹೊರಗಡೆ ಅವರಪ್ಪ ಹೋಂವರ್ಕ್ ಜಾಸ್ತಿ ಕೊಡಿ ಅಂತ ಹೇಳ್ತಾ ನಿಂತಿದ್ರು. 2020ರ ಶಿಕ್ಷಣ ನೀತಿಲೇ 3ರಿಂದ 8 ವರ್ಷದ ತನಕ ಒಂದೇ ಹಂತ, ಆಟದ ಮೂಲಕವೇ ಕಲಿಕೆ, ಆದಷ್ಟೂ ಮನೆ ಭಾಷೆಲಿ ಅಂತ ಇದೆ. 6 ವರ್ಷದೊಳಗೇ ಮೆದುಳಿನ ಬೆಳವಣಿಗೆ ಶೇ 85ಕ್ಕಿಂತ ಜಾಸ್ತಿ ಆಗಿರುತ್ತೆ ಅಂತಾನೂ ಅದ್ರಲ್ಲೇ ಬರ್ದಿದೆ. ಆಗ ಬೇಕಿರೋದು ಮಾತು, ಕತೆ, ಹಾಡು, ಹೊಟ್ಟೆ ತುಂಬ ಊಟ, ಒಬ್ಬ ದೊಡ್ಡೋರ ಪಕ್ಕ ಭಯ ಇಲ್ದೇ ಕೂರೋಕೆ ಜಾಗ.

ಚಿಕ್ಕಪ್ಪ, ನಿಮಗೆ ಕಾಫಿ ಸಸಿ ವಿಷ್ಯ ನಾನು ಹೇಳ್ಬೇಕಾ. ಬುಟ್ಟಿಗೆ ಹಾಕುವಾಗ ತಾಯಿಬೇರು ಮಡಚ್ಕೊಂಡ್ರೆ ಆಮೇಲೆ ತೋಟದಲ್ಲಿ ಎಷ್ಟು ಗೊಬ್ಬರ ಹಾಕಿದ್ರೂ ಆ ಗಿಡ ಏಳಲ್ಲ ಅಂತ ನೀವೇ ಆಳುಗಳಿಗೆ ಬೈಯ್ಯೋದು, ಸಸಿ ಮಡಿ ಕೆಲಸಕ್ಕೆ ಕೈ ಪಳಗಿದವರನ್ನೇ ಹಾಕೋದು. ಮತ್ತೆ ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ, ಯಾರು ಬೇಕಾದ್ರೂ ನೋಡ್ಕೊಬಹುದು ಅಂತ ಹೇಗೆ ಅಂತೀರಿ?

ಅತ್ತೆ, ಸಂಬಳ ಕಮ್ಮಿ, ಮುಚ್ಚುಮರೆ ಇಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೆ ಈಗಲೂ ಸಂಬಳ ಅನ್ನಲ್ಲ, ಗೌರವಧನ ಅಂತಾರೆ. ಗ್ರಾಚ್ಯುಟಿ ಸಿಗ್ಬೇಕು ಅಂತ ಹೇಳ್ಸೋಕೆ ಸುಪ್ರೀಂ ಕೋರ್ಟ್ ತನಕ ಹೋಗ್ಬೇಕಾಯ್ತು, 2022ರಲ್ಲಿ ತೀರ್ಪು ಬಂತು. ಮಕ್ಕಳ ತೂಕ ನೋಡೋದು, ಊಟ ಹಾಕೋದು, ಬಸುರಿ ಬಾಣಂತಿಯರ ಲೆಕ್ಕ, ಮೊಬೈಲಲ್ಲಿ ಎಂಟ್ರಿ, ಸರ್ವೇ, ಇದೆಲ್ಲಾ ಮುಗ್ಸಿ ಉಳ್ದ ಟೈಮಲ್ಲಿ ಪಾಠ. ಇಷ್ಟು ಕಮ್ಮಿ ಕೊಡೋದು ಇದು ಹೆಂಗಸರಿಗೆ ಹುಟ್ಟಿನಿಂದಾನೇ ಬರೋ ಕೆಲಸ ಅಂದ್ಕೊಂಡಿರೋದಕ್ಕೆ ಅಂತ ನನಗೆ ನಿಜವಾಗ್ಲೂ ಕೋಪ ಇದೆ. ಕಮ್ಮಿ ಕೊಡ್ತಾರೆ ಅಂತ ಬಿಟ್ಟು ಹೋಗೋ ಮನಸ್ಸು ಮಾತ್ರ ನಂಗಿಲ್ಲ. ಕೋರ್ಸ್ ಮುಗಿಯೋ ತನಕ ಅಪ್ಪ ರೂಮ್ ಬಾಡಿಗೆ ಕೊಡ್ತೀನಿ ಅಂದಿದಾರೆ, ಆಮೇಲೆ ನಾನೇ ನೋಡ್ಕೊಳ್ತೀನಿ. ಮುಂದೆ ಹಾಡಿ ಹತ್ರ ಇಲ್ಲಾ ತೋಟದ ಹತ್ರಾನೇ ಕೆಲಸ ಮಾಡ್ಬೇಕು ಅಂತ ಆಸೆ, ಇಲ್ಲಿ ಸಹಾಯಕಿ ಅಕ್ಕ ಒಬ್ರು ಯರವ ಭಾಷೆಯವರು, ದಿನಾ ಮಧ್ಯಾಹ್ನ ಅವರ ಹತ್ರ ಹೇಳಿಸ್ಕೊಳ್ತಿದೀನಿ. ಹಸಿವಾಯ್ತಾ, ನೋವಾಯ್ತಾ, ಅಮ್ಮ ಬರ್ತಾಳೆ, ಇಷ್ಟು ಈಗ ಬರುತ್ತೆ.

ಶನಿವಾರ ಶನಿವಾರಸಂತೆಗೆ ಬರ್ತೀನಿ. ಚಿಕ್ಕಮ್ಮ, ಹಳೇ ಕಾಟನ್ ಸೀರೆ ಇದ್ರೆ ಕೊಡಿ, ಗೊಂಬೆ ಹೊಲೀಬೇಕು, ಬಣ್ಣ ಗಾಢ ಇರೋದು. ಚಿಕ್ಕಪ್ಪ, ಸಿಲ್ವರ್ ಓಕ್ ರೆಂಬೆ ಕಡ್ದಿದ್ರೆ ಒಂದೇ ದಪ್ಪದ್ದು ಹುಡುಕಿ, ಗೇಣುದ್ದದಿಂದ ಮೊಳದುದ್ದದ ತನಕ ಹತ್ತು ತುಂಡು ಮಾಡಿಸಿ ಉಜ್ಜಿಸಿಡಿ, ಸಿಬಿರು ಇರ್ಬಾರ್ದು, ಉದ್ದ ಗಿಡ್ಡ ಜೋಡಿಸೋಕೆ ಮಕ್ಕಳಿಗೆ ಬೇಕು. ಮತ್ತೆ ಅಜ್ಜಿ ಹತ್ರ ಆ ಕೈ ತಟ್ಟೋ ಹಾಡು ಪೂರ್ತಿ ಹೇಳಿಸಿ ಯಾರಾದ್ರೂ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿ, ನನಗೆ ಎರಡನೇ ಸಾಲು ಬರ್ತಿಲ್ಲ.